ಚಕ್ಕುಬಂದಿಯ ಊರು

ಬೆಂಗಳೂರಿನಲ್ಲಿ ಮನೆ ಬ್ರೋಕರ್ ಬಂದನೆಂದರೆ ಯಾರೂ ಎದ್ದು ಕುರ್ಚಿ ಹಾಕುವುದಿಲ್ಲ. ಆದರೂ ಮಗಳ ಮದುವೆಗೆ ಸೈಟು ಮಾರಬೇಕಾದವರು, ವರ್ಗವಾಗಿ ಬಂದ ಬ್ಯಾಂಕಿನವರು, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಸೂರು ಕಳೆದುಕೊಂಡವರು ಕೊನೆಗೆ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಗಾಂಧಿಬಜಾರಿನ ಸುತ್ತಮುತ್ತ ಈ ಕಸುಬು ಮಾಡುತ್ತಲೇ ನನ್ನ ತಲೆ ನೆರೆಯಿತು. ನನ್ನ ತಂದೆ ಪತ್ರಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಒಂದು ಮೇಜು, ಒಂದು ಬೆಂಚು, ಅಷ್ಟೇ ಅವರ ಆಫೀಸು. ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ, ಉತ್ತರಕ್ಕೆ ಇಂಥವರ ಮನೆ’ ಎಂದು ಅವರು ಚಕ್ಕುಬಂದಿ ಬರೆಯುವುದನ್ನು ಕೇಳಿ ಕೇಳಿಯೇ ನಾನು ದಿಕ್ಕು ಕಲಿತೆ. ಊರಿನ ಚರಿತ್ರೆಯನ್ನೂ ಬಹುಮಟ್ಟಿಗೆ ಕ್ರಯಪತ್ರಗಳಿಂದಲೇ ಕಲಿತೆ. ಅಲ್ಲಿ ನನಗೆ ಕಂಡದ್ದು ಇಷ್ಟು: ಮನೆ ನಿವೇಶನದ ಬಗ್ಗೆ ಸರ್ಕಾರ ಹೊಸ ಕಾನೂನು ತಂದಾಗಲೆಲ್ಲ ಬ್ರೋಕರಿಗೆ ಹೊಸ ಕೆಲಸ ಹುಟ್ಟಿದೆ.

ನಮ್ಮ ಕಡೆಯ ಹಳೆಯ ಮೂಲಪತ್ರಗಳು ಪ್ಲೇಗಿನ ಆಸುಪಾಸಿನಿಂದ ಶುರುವಾಗುತ್ತವೆ. 1898ರಲ್ಲಿ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಪ್ಲೇಗು ಎದ್ದಾಗ ಜನ ಊರು ಬಿಟ್ಟು ಓಡಿದರು. 1890ರ ದಶಕದಲ್ಲೇ ಗುರುತು ಹಾಕಿದ್ದ ಬಸವನಗುಡಿ, ಮಲ್ಲೇಶ್ವರಗಳು ತುಂಬಿದ್ದು ಆ ಭಯದಿಂದ. ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಮಂಗಳೂರು ಹೆಂಚು, ಮದ್ರಾಸ್ ಟೆರೇಸು. ಪೇಟೆಯ ವಠಾರದಲ್ಲಿ ಒಂದೇ ನಲ್ಲಿಗೆ ಸಾಲು ನಿಂತವರಿಗೆ ಅದು ಬೇರೆಯದೇ ಲೋಕ. ಆದರೆ ಈ ಬಡಾವಣೆಗಳ ನಕ್ಷೆಯಲ್ಲೇ ಇಂಥ ಜಾತಿಯವರಿಗೆ ಇಂಥ ಭಾಗ ಎಂಬ ಹಂಚಿಕೆ ಇತ್ತು. ಅಗಲ ರಸ್ತೆಯನ್ನು ಹೊಗಳುವವರು ಈ ಮಾತನ್ನು ಎತ್ತುವುದಿಲ್ಲ. ನಾನು ಎತ್ತುತ್ತೇನೆ, ಏಕೆಂದರೆ ಆ ನಕ್ಷೆ ಹರಿದು ಹೋದರೂ ಅದರ ಕೆಲಸ ನಮ್ಮ ಬಾಯಿಗೆ ಬಂತು. ‘ಮನೆ ಖಾಲಿ ಇದೆಯಮ್ಮಾ’ ಎಂದು ನಾನು ಹೇಳುವ ಮೊದಲೇ ಓನರ್ ಅಮ್ಮನವರು ಕೇಳುತ್ತಿದ್ದದ್ದು, ‘ಬಂದಿರೋರು ಯಾವ ಪೈಕಿ?’ ಎಂದು. ಟು-ಲೆಟ್ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದಿದ್ದರೆ ಅದು ಅಡುಗೆಮನೆಯ ಮಾತಲ್ಲವೆಂಬುದು ಓದಿದ ಎಲ್ಲರಿಗೂ ತಿಳಿಯುತ್ತಿತ್ತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೊಲಸು ಭಾಗ ಇನ್ನೊಂದಿಲ್ಲ. ಓನರು ಬಾಯಿಬಿಟ್ಟು ‘ಬೇಡ’ ಎನ್ನುವ ಮುಜುಗರವನ್ನು ನಾವು ತಪ್ಪಿಸಿಕೊಡುತ್ತಿದ್ದೆವು. ‘ಮನೆ ನಿನ್ನೆ ತಾನೇ ಹೋಯ್ತು ಸಾರ್’ ಎಂದು ಸುಳ್ಳು ಹೇಳುವುದೂ ಕಮಿಷನ್ನಿನ ಲೆಕ್ಕದಲ್ಲೇ ಸೇರಿರುತ್ತಿತ್ತು. ಈಗಲೂ ನಿಂತಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಷನ್ನಿನವರು ಅದನ್ನೇ ನಯವಾಗಿ ಕೇಳುತ್ತಾರೆ.

ತಂದೆಯವರ ಕಾಲದ ದೊಡ್ಡ ಭೂತ ರೆಂಟ್ ಕಂಟ್ರೋಲು. 1951ರಲ್ಲಿ ಮೈಸೂರು ರಾಜ್ಯದ ಬಾಡಿಗೆ ಕಾನೂನು, ಅದರ ಬೆನ್ನಿಗೆ 1961ರ ಬಾಡಿಗೆ ನಿಯಂತ್ರಣ ಕಾಯಿದೆ. ಮನೆ ಖಾಲಿಯಾದ ಹದಿನೈದು ದಿನದೊಳಗೆ ಮಾಲೀಕ ಕಂಟ್ರೋಲರ್‌ಗೆ ತಿಳಿಸಬೇಕು. ಆ ಮನೆ ಯಾರಿಗೆ ಹೋಗಬೇಕೆಂದು ಆಜ್ಞೆ ಮಾಡುವ ಅಧಿಕಾರ ಕಂಟ್ರೋಲರ್‌ಗೆ. ಎರಡನೇ ಮಹಾಯುದ್ಧ ಮುಗಿದು ಊರು ಉಬ್ಬುತ್ತಿದ್ದ ಕಾಲ. ಎಚ್‌ಎಎಲ್ ಆಗಲೇ ಇತ್ತು, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಕೆಲಸ ಹುಡುಕಿ ಬಂದವರಿಗೆ ಮನೆ ಸಾಲದೆಂದೇ ಕಾನೂನು ಬಂದದ್ದು. ಅದರ ಫಲವೇನೆಂದರೆ, ಖಾಲಿ ಮನೆ ಖಾಲಿ ಎಂದು ಯಾರೂ ಒಪ್ಪದಂತಾಯಿತು. ಒಬ್ಬ ಬಾಡಿಗೆದಾರ ಸಾಮಾನು ಹೊರಗೆ ಸಾಗಿಸುವಾಗಲೇ ಇನ್ನೊಬ್ಬನ ಗಾಡಿ ಬಾಗಿಲಲ್ಲಿ ನಿಂತಿರುತ್ತಿತ್ತು. ಗೋಡೆಗೆ ಬೋರ್ಡು ಹಾಕಿದರೆ ಅಪಾಯ, ಹಾಕದಿದ್ದರೆ ಗಿರಾಕಿಯಿಲ್ಲ. ಆ ಸಂದಿಯಲ್ಲಿ ಬ್ರೋಕರ್ ಹುಟ್ಟಿದ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತವನಿಗೆ ಯಾವ ಕ್ರಾಸಿನಲ್ಲಿ ಯಾರು ವರ್ಗವಾಗಿ ಹೋಗುತ್ತಿದ್ದಾರೆಂದು ಗೊತ್ತು, ಅದೇ ಅವನ ಬಂಡವಾಳ.

ಒಮ್ಮೆ ಒಳಗೆ ಹೊಕ್ಕ ಬಾಡಿಗೆದಾರನನ್ನು ಎಬ್ಬಿಸುವುದು ಆ ಕಾಯಿದೆಯಡಿ ಸುಲಭವಿರಲಿಲ್ಲ. ತಾತ ಕೊಟ್ಟ ಬಾಡಿಗೆಗೇ ಮೊಮ್ಮಗ ಅಂಗಡಿ ನಡೆಸುತ್ತಿದ್ದ ಬೀದಿಗಳನ್ನು ಪೇಟೆಯಲ್ಲಿ ನಾನೇ ಕಂಡಿದ್ದೇನೆ. ಆ ಭಯಕ್ಕೆ ಊರು ತಾನೇ ಮದ್ದು ಅರೆದುಕೊಂಡಿತು: ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು. ಹೊರಊರಿನವರು ಬೆಂಗಳೂರಿನ ಅಡ್ವಾನ್ಸ್ ಕೇಳಿ ಬೆಚ್ಚಿಬೀಳುತ್ತಾರೆ. ಹತ್ತು ತಿಂಗಳ ಹಣ ಕೈಲಿದ್ದರೆ ಎಬ್ಬಿಸುವ ದಾರಿಯೂ ಕೈಲಿರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. 1999ರ ಬಾಡಿಗೆ ಕಾಯಿದೆ 2001ರ ಡಿಸೆಂಬರ್ ಕೊನೆಯ ದಿನ ಜಾರಿಗೆ ಬಂತು. ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ಹೊರಗೆ ಉಳಿದವು. ಭಯ ಹೋಯಿತು, ಅಡ್ವಾನ್ಸು ಹೋಗಲಿಲ್ಲ.

ಇನ್ನು ಭೋಗ್ಯ. ಇಡಿಗಂಟು ಕೊಟ್ಟು, ಬಾಡಿಗೆಯಿಲ್ಲದೆ ಮೂರು ವರ್ಷ ಇದ್ದು, ಬಿಡುವಾಗ ಅದೇ ಗಂಟನ್ನು ಬಡ್ಡಿಯಿಲ್ಲದೆ ವಾಪಸು ಪಡೆಯುವುದು. ಹಳ್ಳಿಯಲ್ಲಿ ಹೊಲಕ್ಕೆ ಇದ್ದ ಪದ್ಧತಿ ಬೆಂಗಳೂರಿನಲ್ಲಿ ಮನೆಗೆ ಬಂತು. ಓನರು ಆ ದುಡ್ಡಿನಲ್ಲಿ ಮೇಲೊಂದು ಮಹಡಿ ಎತ್ತಿಸುತ್ತಾನೆ, ಮೇಲಿನದನ್ನೂ ಭೋಗ್ಯಕ್ಕೆ ಕೊಟ್ಟು ಕೆಳಗಿನವರ ಗಂಟು ತೀರಿಸುತ್ತಾನೆ. ಚಂದವೇ. ಮನೆಯ ಮೇಲೆ ಬ್ಯಾಂಕ್ ಸಾಲ ಇಲ್ಲದಿದ್ದರೆ. ಸಾಲ ಕಟ್ಟದೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದಾಗ, ಛಾಪಾ ಕಾಗದದಲ್ಲಿ ಬರೆಸಿ ನೋಂದಾಯಿಸದೆ ಇಟ್ಟುಕೊಂಡ ಭೋಗ್ಯದ ಕರಾರು ಬಹಳ ದೂರ ಬರುವುದಿಲ್ಲ. ಹಾಗೆ ಬೀದಿಗೆ ಬಂದ ಕುಟುಂಬಗಳನ್ನು ನೋಡಿದ್ದೇನೆ. ಅವರನ್ನು ಆ ಮನೆಗೆ ಸೇರಿಸಿದ ಬ್ರೋಕರನ ಫೋನು ಅಷ್ಟು ಹೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ.

ಮಾರಾಟದ ಕಡೆಗೆ ಬರೋಣ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ (ಸಿಐಟಿಬಿ) ಬಂತು. 1948ರಲ್ಲಿ ಜಯನಗರಕ್ಕೆ ಅಸ್ತಿವಾರ ಬಿತ್ತು. 1976ರಲ್ಲಿ ಸಿಐಟಿಬಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಸೈಟಿಗೆ ಅರ್ಜಿ ಹಾಕಿ, ಸಿಗದೆ, ಮತ್ತೆ ಹಾಕಿ, ಎಷ್ಟನೆಯ ಪ್ರಯತ್ನ ಎಂಬುದೇ ಒಂದು ಅರ್ಹತೆಯಾಗಿದ್ದ ಕಾಲ ಅದು. ಬಿಡಿಎ ಸೈಟು ಸಿಕ್ಕರೆ ಮೊದಲು ಲೀಸ್ ಕಮ್ ಸೇಲ್, ಹತ್ತು ವರ್ಷ ಮಾರುವಂತಿಲ್ಲ, ಆಮೇಲೆ ಪೂರ್ತಿ ಕ್ರಯಪತ್ರ. ಹತ್ತು ವರ್ಷ ಕಾಯುವ ತಾಳ್ಮೆ ಅವಸರದ ಹಣಕ್ಕೆ ಎಲ್ಲಿದೆ? ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಸೈಟು ಕೈ ಬದಲಾಯಿಸತೊಡಗಿತು. ಅದೇ 1976ರ ನಗರ ಭೂಮಿತಿ ಕಾಯಿದೆ ಬೆಂಗಳೂರಿನಲ್ಲಿ ಒಬ್ಬರಿಗೆ 1,000 ಚದರ ಮೀಟರ್ ಖಾಲಿ ಜಾಗ ಎಂದು ಗೆರೆ ಎಳೆದ ಮೇಲೆ ಈ ಜಿಪಿಎ ಇನ್ನಷ್ಟು ಬಲಿಯಿತು. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2011ರಲ್ಲಿ. ಅಷ್ಟರಲ್ಲಿ ಅಂಥ ಕಾಗದದ ಮೇಲೆ ಮನೆಗಳೆದ್ದು, ತುಳಸಿಕಟ್ಟೆ ಹಳತಾಗಿತ್ತು.

ಗೃಹ ನಿರ್ಮಾಣ ಸಹಕಾರ ಸಂಘಗಳ ಕತೆಯೂ ಹೀಗೆಯೇ. ನೌಕರರಿಗೆ ಸೈಟು ಎಂದು ಸರ್ಕಾರದ ಕೈಲಿ ರೈತರ ಜಮೀನು ಸ್ವಾಧೀನ ಮಾಡಿಸುವುದು, ಆ ಕೆಲಸ ಮಾಡಿಸಿಕೊಡಲು ನಡುವೆ ಏಜೆಂಟರು. ಎಚ್‌ಎಂಟಿ ನೌಕರರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ದಶಕದ ಮಧ್ಯದಲ್ಲಿ ಇಂಥ ಸ್ವಾಧೀನವನ್ನೇ ರದ್ದುಮಾಡಿ ಜಮೀನು ರೈತರಿಗೆ ವಾಪಸು ಹೋಗಬೇಕೆಂದಿತು. ಆ ಏಜೆಂಟರು ನಮ್ಮಂಥ ಕಾಫಿ ಹೋಟೆಲಿನ ಬ್ರೋಕರುಗಳಲ್ಲ. ಅವರ ಕಾರಿನ ಬಾಗಿಲನ್ನು ಬೇರೆಯವರು ತೆರೆಯುತ್ತಿದ್ದರು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಮುಂದಿನದು ಎಲ್ಲರಿಗೂ ಗೊತ್ತು. ನನಗೆ ಆ ಅಲೆ ಕಂಡದ್ದು ಗುಂಟೆಗಳಲ್ಲಿ. ಉತ್ತರಹಳ್ಳಿಯ ಕಡೆ ರಾಗಿ ಹೊಲದಲ್ಲಿ ಸುಣ್ಣದ ಗೆರೆ, ಮೂವತ್ತು ನಲವತ್ತರ ಸೈಟು, ಕಲ್ಲು ನೆಟ್ಟು ನಂಬರು: ಅದೇ ರೆವಿನ್ಯೂ ಲೇಔಟು. ಭೂಪರಿವರ್ತನೆ ಇಲ್ಲ, ನಕ್ಷೆ ಮಂಜೂರಾತಿ ಇಲ್ಲ, ಪಂಚಾಯ್ತಿ ಖಾತೆ ಮಾತ್ರ. ಬಿಡಿಎ ಸೈಟಿನ ಬೆಲೆ ಮುಟ್ಟಲಾಗದ ಬಸ್ ಕಂಡಕ್ಟರು, ಗಾರ್ಮೆಂಟ್ಸ್ ಕೆಲಸದ ದಂಪತಿ, ಶಾಲಾ ಮೇಷ್ಟರು ಅಲ್ಲಿ ಕೊಂಡರು. ಅದನ್ನು ಅಕ್ರಮ ಎಂದು ಬೈಯುವುದು ಸುಲಭ. ಸಕ್ರಮವಾದ ಸೈಟನ್ನು ಅವರಿಗೆ ಕೊಟ್ಟವರು ಯಾರು? 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬಿಬಿಎಂಪಿ ಆದಾಗ ಈ ಜನರೆಲ್ಲ ಒಮ್ಮೆಗೇ ನಗರವಾಸಿಗಳಾದರು. ತೆರಿಗೆ ಕಟ್ಟಿಸಿಕೊಳ್ಳಲು ಬಿ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು. ಅದಕ್ಕೆ ‘ಬಿ ಖಾತಾ’ ಎಂಬ ಹೆಸರು ಬಿತ್ತು. ಖಾತೆ ಕಂದಾಯದ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ ಎಂದು ನಾನು ಇಂದಿಗೂ ಗಿರಾಕಿಗಳಿಗೆ ಹೇಳುತ್ತಿದ್ದೇನೆ, ಅವರು ಇಂದಿಗೂ ಎ ಖಾತಾ ಇದೆಯಲ್ಲ ಸಾರ್, ಇನ್ನೇನು ಎನ್ನುತ್ತಾರೆ.

ಹಳ್ಳಿ ಜಮೀನಿಗೆ ಇನ್ನೊಂದು ಗಂಟೂ ಇತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಮಾರಿದರೆ ಆ ಕ್ರಯವೇ ಅಸಿಂಧು ಎಂದು 1978ರ ಪಿಟಿಸಿಎಲ್ ಕಾಯಿದೆ ಹೇಳುತ್ತದೆ. ಮೂಲದ ಮಂಜೂರಾತಿ ಆದೇಶ ನೋಡದೆ ಸೈಟು ಮಾರಿದವರಿಂದಾಗಿ ಕೊಂಡವರು ವರ್ಷಾನುಗಟ್ಟಲೆ ಉಪವಿಭಾಗಾಧಿಕಾರಿಯ (ಎಸಿ) ಕೋರ್ಟು ಅಲೆದರು. ಹೊಲ ಕಳೆದುಕೊಂಡವನಿಗೂ ನ್ಯಾಯ ಬೇಕು, ಮನೆ ಕಟ್ಟಿದವನಿಗೂ ಬೇಕು. ಇಬ್ಬರ ನಡುವೆ ನಿಂತು ಲಾಭ ಮಾಡಿದವನು ಮಾತ್ರ ಆ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ.

ಈಗ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ, ಇದೆ. 2016ರ ಆ ಕಾಯಿದೆಯಂತೆ, ನೋಂದಾಯಿತ ಯೋಜನೆಯ ಫ್ಲಾಟು, ಸೈಟು ಮಾರುವ ಏಜೆಂಟ್ ತಾನೂ ನೋಂದಾಯಿಸಿಕೊಳ್ಳಬೇಕು, ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ. ಒಳ್ಳೆಯದೇ ಆಯಿತು. ಆದರೆ ಬಾಡಿಗೆ ಮನೆ, ಭೋಗ್ಯ, ಹಳೆಯ ಮನೆಯ ಮರುಮಾರಾಟ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಬಾಡಿಗೆಗೆ ಒಂದು ತಿಂಗಳು, ಕ್ರಯಕ್ಕೆ ನೂರಕ್ಕೆ ಎರಡು ಎಂಬ ಬಾಯಿಮಾತಿನ ದರವೇ ನಡೆಯುತ್ತಿದೆ.

ಆದ್ದರಿಂದ ಸೈಟು ನೋಡಲು ಹೊರಟವರಲ್ಲಿ ಒಂದು ವಿನಂತಿ. ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುವ ಮೊದಲು ಮೂಲಪತ್ರ ಕೇಳಿ, ಋಣಭಾರ ಪತ್ರವನ್ನು (ಇಸಿ) ಹದಿಮೂರು ವರ್ಷಕ್ಕೆ ನಿಲ್ಲಿಸದೆ ಮೂವತ್ತು ವರ್ಷಕ್ಕೆ ತೆಗೆಸಿ, ಪತ್ರದಲ್ಲಿರುವ ಚಕ್ಕುಬಂದಿ ಹಿಡಿದು ಜಾಗದ ನಾಲ್ಕೂ ಕಡೆ ನೀವೇ ಒಮ್ಮೆ ನಡೆಯಿರಿ. ಬ್ರೋಕರಿಗೆ ಕೊಡುವ ಕಮಿಷನ್ನಿಗೆ ರಸೀದಿ ಕೇಳಿ. ಕೊಡದವನ ಹತ್ತಿರ ಟೋಕನ್ ಅಡ್ವಾನ್ಸ್ ಕೊಡಬೇಡಿ.