ಒಂದು ನುಡಿ, ಮೂರು ಮತ: ಯಾನೆನಾ ಕೋಟೆಯ ಒಳಹೊರಗು

ವಾಯವ್ಯ ಗ್ರೀಸಿನ ಎಪಿರಸ್ ಪ್ರಾಂತದಲ್ಲಿ, ಪಾಮ್ವೋಟಿಸ್ ಸರೋವರದ ದಂಡೆಯಲ್ಲಿರುವ ಯೊಆನ್ನಿನಾ ನಗರವನ್ನು ಊರವರು ಯಾನೆನಾ ಎನ್ನುತ್ತಾರೆ. ಇದರ ಚರಿತ್ರೆಯನ್ನು ಆಟೊಮನ್ ಕಾಲದ ದೊರೆ ಅಲಿ ಪಾಷಾನ ಕ್ರೌರ್ಯದಿಂದ ಆರಂಭಿಸುವುದು ವಾಡಿಕೆ. 1809ರಲ್ಲಿ ಇಲ್ಲಿಗೆ ಬಂದುಹೋದ ಇಂಗ್ಲಿಷ್ ಕವಿ ಬೈರನ್ ಆ ವಾಡಿಕೆಗೆ ಮೆರುಗು ಕೊಟ್ಟ. ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೊಂದು ಸಂಗತಿ: ಆಲ್ಬೇನಿಯನ್ ಮೂಲದ ಈ ಮುಸ್ಲಿಂ ದೊರೆಯ (ನಮ್ಮ ಮಾತಿನಲ್ಲಿ ಪಾಳೆಯಗಾರನೆನ್ನಬಹುದು) ದಫ್ತರದ ಕಾಗದಪತ್ರಗಳು ಬಹುಪಾಲು ಗ್ರೀಕಿನಲ್ಲಿವೆ.

ಗ್ರೀಕು ಇಲ್ಲಿ ಕ್ರೈಸ್ತರ ಸ್ವತ್ತು ಮಾತ್ರವಾಗಿರಲಿಲ್ಲ. ಊರಿನ ಮುಸಲ್ಮಾನರ ಮನೆಮಾತೂ ಅದೇ. ರೋಮನಿಯೋಟ್ ಯಹೂದಿಗಳದ್ದೂ ಅದೇ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟು ಥೆಸಲೋನಿಕಿಯಲ್ಲಿ ನೆಲೆಸಿದ ಯಹೂದಿಗಳು ಸ್ಪ್ಯಾನಿಷ್ ನುಡಿಯನ್ನೇ ಕಾಪಿಟ್ಟುಕೊಂಡರೆ, ಅವರಿಗಿಂತ ಎಷ್ಟೋ ಹಿಂದಿನಿಂದ ಗ್ರೀಕರ ನಡುವೆ ಬಾಳಿದ ಈ ರೋಮನಿಯೋಟರು ತಮ್ಮ ಗ್ರೀಕ್ ಸ್ತೋತ್ರಗಳನ್ನು ಹೀಬ್ರೂ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಬಾಯಿಗೊಂದು ಪರಂಪರೆ, ಕೈಗೊಂದು.

1430ರಲ್ಲಿ ನಗರ ಕಾದಾಡದೆ ಆಟೊಮನ್ನರಿಗೆ ಶರಣಾಯಿತು. ಅವರ ಸೇನಾಪತಿ ಸಿನಾನ್ ಪಾಷಾ ಕೊಟ್ಟ ಅಭಯಪತ್ರವೂ ಗ್ರೀಕಿನಲ್ಲೇ ಇತ್ತು. ಚರ್ಚುಗಳನ್ನು ಮುಟ್ಟುವುದಿಲ್ಲ, ಮಕ್ಕಳನ್ನು ಒಯ್ಯುವುದಿಲ್ಲ ಎಂಬ ಮಾತು ಅದರಲ್ಲಿತ್ತು. 1611ರಲ್ಲಿ ಬಿಷಪ್ ಡಿಯೊನೀಸಿಯಸ್ ಆಟೊಮನ್ನರ ವಿರುದ್ಧ ದಂಗೆಯೆದ್ದು ಸೋತ. ಅದಕ್ಕೆ ಪ್ರತಿಯಾಗಿ ಕ್ರೈಸ್ತರನ್ನು ಕೋಟೆಯಿಂದ ಹೊರಹಾಕಲಾಯಿತು. ಯಹೂದಿಗಳೂ ಮುಸಲ್ಮಾನರೂ ಒಳಗೇ ಉಳಿದರು. ಸರೋವರಕ್ಕೆ ಮುಖಮಾಡಿದ ಬಂಡೆಯ ಮೇಲೆ 1618ರಲ್ಲಿ ಅಸ್ಲಾನ್ ಪಾಷಾ ಮಸೀದಿ ಎದ್ದಿತು. ಅಂದರೆ ಕೋಟೆಗೋಡೆ ಮತದ ಗಡಿಯಾಯಿತು, ನುಡಿಯ ಗಡಿಯಾಗಲಿಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಈ ವ್ಯತ್ಯಾಸ ಬೇಕಿರಲಿಲ್ಲ. 1913ರ ಮಾರ್ಚ್‌ನಲ್ಲಿ ಗ್ರೀಕ್ ಸೇನೆ ನಗರವನ್ನು ಹಿಡಿಯಿತು. 1923ರ ಲೊಸಾನ್ ಒಪ್ಪಂದ ಗ್ರೀಸ್ ಮತ್ತು ತುರ್ಕಿಯ ನಡುವೆ ಜನರನ್ನು ಅದಲುಬದಲು ಮಾಡುವಾಗ ಕೇಳಿದ್ದು ಮತವನ್ನು. ಗ್ರೀಕು ಬಿಟ್ಟರೆ ಬೇರೆ ಮನೆಮಾತಿಲ್ಲದ ಮುಸಲ್ಮಾನರು ‘ತುರ್ಕರಾಗಿ’ ಗಂಟುಮೂಟೆ ಕಟ್ಟಿದರು. ಮಸೀದಿ ಈಗ ನಗರಸಭೆಯ ವಸ್ತುಸಂಗ್ರಹಾಲಯ.

1944ರ ಮಾರ್ಚ್ 25, ಗ್ರೀಸಿನ ರಾಷ್ಟ್ರೀಯ ದಿನ. ಅಂದು ದೇಶವನ್ನು ಆಕ್ರಮಿಸಿದ್ದ ಜರ್ಮನ್ನರು ಊರಿನ 1,800ಕ್ಕೂ ಹೆಚ್ಚು ಯಹೂದಿಗಳನ್ನು ಲಾರಿಗಳಲ್ಲಿ ತುಂಬಿ ಲಾರಿಸಾಕ್ಕೆ, ಅಲ್ಲಿಂದ ರೈಲಿನಲ್ಲಿ ಆಶ್ವಿಟ್ಸ್‌ಗೆ ಸಾಗಿಸಿದರು. ಯುದ್ಧ ಮುಗಿದಾಗ ಬದುಕುಳಿದಿದ್ದವರು ಇನ್ನೂರಕ್ಕೂ ಕಡಿಮೆ. ಕೋಟೆಯೊಳಗಿನ ಸಿನಗಾಗ್ ಉಳಿದುಕೊಂಡಿದೆ. ಮರಳದವರ ಹೆಸರುಗಳನ್ನು ಅದರ ಗೋಡೆಯ ಕಲ್ಲುಗಳಲ್ಲಿ ಕೊರೆಯಲಾಗಿದೆ.

2019ರಲ್ಲಿ ಇದೇ ನಗರ ವೈದ್ಯಕೀಯ ಪ್ರಾಧ್ಯಾಪಕ ಮೋಸೆಸ್ ಎಲಿಸಾಫ್ ಅವರನ್ನು ಮೇಯರ್ ಆಗಿ ಆರಿಸಿತು. ಗ್ರೀಸಿನಲ್ಲಿ ಚುನಾಯಿತರಾದ ಮೊದಲ ಯಹೂದಿ ಮೇಯರ್ ಅವರು. ಆಗ ಊರಿನಲ್ಲಿದ್ದ ಯಹೂದಿಗಳು ಐವತ್ತರ ಆಸುಪಾಸು.