ಯುದ್ಧಕಾಲದಲ್ಲಿ ಕಣಿ ಹೇಳಿದ ಕೊರವಂಜಿ

ಎರಡನೇ ಮಹಾಯುದ್ಧ ಅಮೆರಿಕದ ಚಿತ್ರಕಥೆಗಳಿಗೆ ಮಹಾವೀರರ ದಂಡನ್ನೇ ಕೊಟ್ಟಿತು. 1941ರಲ್ಲಿ 'ಕ್ಯಾಪ್ಟನ್ ಅಮೆರಿಕ' ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ. 1944ರಲ್ಲಿ ಚು ಹಿಂಗ್ ಎಂಬ ಚೀನೀ ಮೂಲದ ಕಲಾವಿದ ರಚಿಸಿದ 'ಗ್ರೀನ್ ಟರ್ಟಲ್' ಚೀನಾದ ನೆಲದಲ್ಲಿ ಜಪಾನೀ ಸೇನೆಯ ವಿರುದ್ಧ ಹೋರಾಡಿ, ಐದೇ ಸಂಚಿಕೆಗಳಲ್ಲಿ ಮರೆಯಾದ.

ಅದೇ ಯುದ್ಧದ ನಡುವೆ, 1942ರಲ್ಲಿ, ಬೆಂಗಳೂರಿಗೂ ಒಬ್ಬಳು ಬಂದಳು. ಅವಳಿಗೆ ಹಾರಲು ಬರುತ್ತಿರಲಿಲ್ಲ, ಗುದ್ದಲು ಗೊತ್ತಿರಲಿಲ್ಲ. ಇದ್ದ ಆಯುಧ ನಾಲಿಗೆಯೊಂದೇ. ಹೆಸರು 'ಕೊರವಂಜಿ'. ಹಾಸ್ಯಕ್ಕೆಂದೇ ಮೀಸಲಾದ ಕನ್ನಡ ಮಾಸಪತ್ರಿಕೆ ಅದು.

ಅವಳನ್ನು ಕರೆತಂದವರು ಡಾ. ಎಂ. ಶಿವರಾಂ. ಮೆಜೆಸ್ಟಿಕ್ ಪ್ರದೇಶದಲ್ಲಿ ದವಾಖಾನೆ ಇಟ್ಟುಕೊಂಡಿದ್ದ ವೈದ್ಯರು. ತಮ್ಮ ಹೆಸರಿನ 'ಶಿ' ಮತ್ತು 'ರಾ' ಅಕ್ಷರಗಳನ್ನು ತಿರುವಿಹಾಕಿದಂತಿರುವ 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಕಣಿ ಹೇಳುವವಳ ಪತ್ರಿಕೆಗೆ 'ರಾಶಿ'ಯೇ ಸಂಪಾದಕರಾದದ್ದು ಒಳ್ಳೆಯ ಜೋಡಿಯೇ ಸರಿ.

ಕೊರವಂಜಿ ಅವರ ಕಲ್ಪನೆಯಿಂದ ಹೊಸದಾಗಿ ಹುಟ್ಟಿದವಳಲ್ಲ. ದಕ್ಷಿಣ ಭಾರತದ ಜನಪದದಲ್ಲಿ, ಹಾಡುಗಳಲ್ಲಿ, ಬಯಲಾಟಗಳಲ್ಲಿ ಅವಳು ಹಳೆಯ ಪರಿಚಯ. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು ಹಿಡಿದು ಊರೂರು ಸುತ್ತುವ ಅವಳಿಗೆ ಗುಡಿಸಲೂ ಒಂದೇ, ಅರಮನೆಯೂ ಒಂದೇ. ಶ್ರೀನಿವಾಸ ಕಲ್ಯಾಣದ ಕಥೆ ಕೇಳಿದವರಿಗೆ ಗೊತ್ತು, ಪದ್ಮಾವತಿಯನ್ನು ಬಯಸಿದ ಶ್ರೀನಿವಾಸನೇ ಕಣಿ ಹೇಳುವವಳ ವೇಷ ತೊಟ್ಟು ಆಕಾಶರಾಜನ ಅಂತಃಪುರ ಹೊಕ್ಕ. ಪಡುವಣದ ಮಹಾವೀರರು ಸಾಮಾನ್ಯರ ಉಡುಪಿನಲ್ಲಿ ಶಕ್ತಿಯನ್ನು ಮರೆಮಾಚುವುದಕ್ಕೆ ಎಷ್ಟೋ ಮೊದಲೇ, ದೇವರು ಇಲ್ಲಿ ಕೊರವಂಜಿಯಾಗಿದ್ದ! ರಾಜನ ಎದುರಿಗೆ ಇತರರು ಆಡಲಾಗದ ಮಾತನ್ನು ಅವಳು ಆಡಬಹುದಿತ್ತು. ಕಣಿ ಹೇಳುವವಳ ಮೇಲೆ ಸಿಟ್ಟಾಗುವವರುಂಟೆ?

ಅಂಥ ನಾಲಿಗೆಯ ಅಗತ್ಯ 1942ರಲ್ಲಿ ಬಹಳವಾಗಿತ್ತು. ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಏಪ್ರಿಲ್‌ನಲ್ಲಿ ಕೊಲಂಬೊ ಮತ್ತು ವಿಶಾಖಪಟ್ಟಣದ ಮೇಲೆ ಬಾಂಬು ಬಿತ್ತು. 1940ರಲ್ಲಿ ಸ್ಥಾಪನೆಯಾಗಿದ್ದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧದ ಕೆಲಸದಲ್ಲಿ ಮುಳುಗಿತ್ತು, ದಂಡಿನ ಪ್ರದೇಶ ಸೈನಿಕರಿಂದ ತುಂಬಿತ್ತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಗುಮಾಸ್ತರು, ಮೇಷ್ಟರುಗಳ ಸಂಬಳ ಇದ್ದಲ್ಲೇ ಇತ್ತು. ಬೆಲೆಗಳು ಮಾತ್ರ ಏರುತ್ತಿದ್ದವು. ರೇಷನ್, ಕಂಟ್ರೋಲ್, ಕಾಳಸಂತೆ ಎಂಬ ಶಬ್ದಗಳು ಮನೆಮಾತಾದದ್ದು ಆ ವರ್ಷಗಳಲ್ಲೇ. ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಆರಂಭವಾಯಿತು. ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ನಡೆದ ಸಂಘರ್ಷದ ಫಲವಾಗಿ 1943ರ ಮಾರ್ಚ್‌ನಲ್ಲಿ ಐವರು ನೇಣಿಗೇರಿದರು. ಕಾಗದದ ಮೇಲೂ ಸರ್ಕಾರದ ಹತೋಟಿ ಬಂತು. ಇದ್ದ ಪತ್ರಿಕೆಗಳೇ ಪುಟ ಇಳಿಸುತ್ತಿದ್ದ ಕಾಲದಲ್ಲಿ, ನಗೆಗಾಗಿಯೇ ಹೊಸ ಪತ್ರಿಕೆ ತರುವುದು ಸಾಹಸವೇ ಆಗಿತ್ತು.

ವೈದ್ಯರಿಗೆ ಒಳ್ಳೆಯ ಬಳಗ ಸಿಕ್ಕಿತು. 'ಅನರ್ಥಕೋಶ'ದ ಖ್ಯಾತಿಯ ನಾ. ಕಸ್ತೂರಿ ಅವರಲ್ಲಿ ಪ್ರಮುಖರು. ಹುಟ್ಟಿದ್ದು ಕೇರಳದ ತೃಪ್ಪೂಣಿತ್ತುರದಲ್ಲಿ, ಮನೆಮಾತು ಮಲಯಾಳ, ನಗಿಸಿದ್ದು ಕನ್ನಡದಲ್ಲಿ. ಹಾಸ್ಯವೆಂದರೆ ಗಂಡಸರ ಸೊತ್ತು ಎಂಬಂತಿದ್ದ ದಿನಗಳಲ್ಲಿ ಟಿ. ಸುನಂದಮ್ಮ ಇದೇ ಪತ್ರಿಕೆಯ ಮೂಲಕ ಓದುಗರ ಮನೆಗಳಿಗೆ ತಲುಪಿದರು. ನಗೆಗೆ ಗುರಿಯಾಗುತ್ತಿದ್ದ ಅಡುಗೆಮನೆಯಿಂದಲೇ ನಗೆ ಹೊರಟಿತು.

ಚಿತ್ರಗಳ ವಿಷಯಕ್ಕೆ ಬಂದರೆ, ಮೈಸೂರಿನ ತರುಣನೊಬ್ಬನ ಗೆರೆಗಳು 'ಕೊರವಂಜಿ'ಯ ಪುಟಗಳಲ್ಲಿ ಪಳಗಿದವು. ಆತನೇ ಮಹಾರಾಜ ಕಾಲೇಜಿನಲ್ಲಿ ಓದಿದ ಆರ್. ಕೆ. ಲಕ್ಷ್ಮಣ್. ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ್ದ ಹುಡುಗನ ಬೆನ್ನು ತಟ್ಟಿದವರಲ್ಲಿ ಶಿವರಾಂ ಒಬ್ಬರು. ಮುಂದೆ 1951ರಲ್ಲಿ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಲಕ್ಷ್ಮಣ್ ಸೃಷ್ಟಿಸಿದ ಶ್ರೀಸಾಮಾನ್ಯನನ್ನು ದೇಶವೆಲ್ಲ ಬಲ್ಲದು. ಪಂಚೆ, ಚೌಕುಳಿ ಕೋಟು, ದುಂಡು ಕನ್ನಡಕದ ಆ ಮುದುಕನಿಗೂ ಯಾವ ಮಾಯಾಶಕ್ತಿ ಇಲ್ಲ. ಅರಮನೆಯಿಂದ ಗುಡಿಸಿಲಿನವರೆಗೆ ಎಲ್ಲೆಂದರಲ್ಲಿ ಹೊಕ್ಕು ನೋಡುವ ಸ್ವಾತಂತ್ರ್ಯವೊಂದಿದೆ. ಕೊರವಂಜಿಗೂ ಇದ್ದದ್ದು ಅದೇ. ಅವಳು ವಾಚಾಳಿ, ಅವನು ಮೂಕ ಎಂಬುದಷ್ಟೇ ವ್ಯತ್ಯಾಸ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಮೈಸೂರು ಸಂಸ್ಥಾನ ಹೋಗಿ ರಾಜ್ಯವಾಯಿತು. 'ಕೊರವಂಜಿ' ಮಾತ್ರ ಬುಟ್ಟಿ ಇಳಿಸಲಿಲ್ಲ. ಕಾಲು ಶತಮಾನ ನಡೆದು 1967ರಲ್ಲಿ ನಿಂತಳು. ಶಿವರಾಂ ಬರವಣಿಗೆ ಮುಂದುವರಿಸಿದರು. ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದು ಮನಸ್ಸಿನ ಕಾಯಿಲೆಗಳ ಕುರಿತ ಪುಸ್ತಕವೆಂಬುದನ್ನು ಗಮನಿಸಬೇಕು. ಹಗಲು ದೇಹಕ್ಕೆ ಔಷಧಿ ಕೊಟ್ಟ ವೈದ್ಯರು ಮನಸ್ಸಿನ ಬೇನೆಯನ್ನೂ ಬಲ್ಲವರಾಗಿದ್ದರು. 1983ರಲ್ಲಿ 'ಅಪರಂಜಿ' ಎಂಬ ಹಾಸ್ಯಪತ್ರಿಕೆ ಅದೇ ಪರಂಪರೆಯಲ್ಲಿ ಹೊರಟಿತು. ಮರುವರ್ಷ, 1984ರಲ್ಲಿ, ರಾಶಿ ತೀರಿಕೊಂಡರು.

ಅಮೆರಿಕದ ಯುದ್ಧವೀರರಲ್ಲಿ ಹಲವರು ಈಗ ಬೆಳ್ಳಿತೆರೆಯ ಮೇಲೆ ಕೋಟಿಗಟ್ಟಲೆ ಗಳಿಸುತ್ತಾರೆ. ಅವರ ಹೆಸರು ಬಲ್ಲ ಬೆಂಗಳೂರಿನ ಮಕ್ಕಳಿಗೆ ತಮ್ಮೂರಿನ ಕೊರವಂಜಿಯ ಗುರುತಿಲ್ಲ. ಅವರೆಲ್ಲ ಶತ್ರುವನ್ನು ಸೋಲಿಸಿದರು. ಅವಳಿಗೆ ಸೋಲಿಸಲು ಶತ್ರುವಿರಲಿಲ್ಲ. ಅಕ್ಕಿಯಿಲ್ಲದ, ಸೀಮೆಎಣ್ಣೆಯಿಲ್ಲದ ಮನೆಗೆ ತಿಂಗಳಿಗೊಮ್ಮೆ ಬಂದು, ಜಗಲಿಯಲ್ಲಿ ಕುಳಿತು, ನಾಲ್ಕು ಮಾತಾಡಿ ನಗಿಸಿ ಹೋಗುವುದೇ ಕೆಲಸವಾಗಿತ್ತು. ಆ ಕೆಲಸವನ್ನು ಇಪ್ಪತ್ತೈದು ವರ್ಷ ಮಾಡಿದಳು.