ಕಾಯಿಲೆಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ

ನಮ್ಮೂರುಗಳ ಮನೆ, ಕೊಟ್ಟಿಗೆ ಮೇಲೆ ಹಾಕುವ ಬೂದು ಬಣ್ಣದ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಬೆರೆಸುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಇದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಹೆಣ್ಣುಮಗಳು ಇದಕ್ಕೆ ಪರಿಹಾರ ಕೇಳಿದ್ದರು.

ಹೆಸರು ನೆಲ್ಲಿ ಕೆರ್ಶಾ. ರಾಚ್‌ಡೇಲ್ ಊರಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುವ ಕೆಲಸ. 1922ರಲ್ಲಿ ಕೆಲಸ ಮಾಡಲಾಗದೆ ಮನೆ ಸೇರಿದರು. ಡಾಕ್ಟರು 'ಕಲ್ನಾರು ವಿಷ' ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯೇ ಮುಳುವಾಯಿತು ನೋಡಿ. ಕೆಲಸದಿಂದ ಬಂದ ಕಾಯಿಲೆ ಎಂದು ಆರೋಗ್ಯ ವಿಮೆಯವರು ಹಣ ಕೊಡಲಿಲ್ಲ. ಅಂಥ ಕಾಯಿಲೆ ಪರಿಹಾರ ಕಾಯಿದೆಯ ಪಟ್ಟಿಯಲ್ಲೇ ಇಲ್ಲ ಎಂದು ಕಂಪನಿಯೂ ಕೊಡಲಿಲ್ಲ. 1924ರ ಮಾರ್ಚ್ 14ರಂದು ತೀರಿಕೊಂಡಾಗ ಅವರಿಗೆ 33 ವರ್ಷ. ಮಣ್ಣು ಮಾಡುವ ಖರ್ಚನ್ನು ಕೇಳಿದರೆ ಅದೂ ಇಲ್ಲ.

ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್, ಅದರೊಳಗೆ ಕಲ್ನಾರಿನ ಚೂರುಗಳನ್ನು ಕಂಡರು. 1927ರಲ್ಲಿ ಈ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂಬ ಹೆಸರು ಬಳಸಿದರು. 1931ರಲ್ಲಿ ಬ್ರಿಟನ್ ಧೂಳು ತಡೆಯುವ ನಿಯಮ ತಂದಿತು, ಪರಿಹಾರಕ್ಕೂ ದಾರಿಯಾಯಿತು. ಅದೂ ಕೆಲವು ಬಗೆಯ ಕೆಲಸದವರಿಗೆ ಮಾತ್ರ.

ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ, ಕೆಲಸಗಾರರ ಆರೋಗ್ಯ ಮೂಲಭೂತ ಹಕ್ಕು ಎಂದಿತು. ಆ ಪ್ರಕರಣದಲ್ಲಿ ಕಲ್ನಾರು ಕಾಯಿಲೆ ಖಚಿತವಾದವರಿಗೆ ತಲಾ 1 ಲಕ್ಷ ರೂಪಾಯಿ ಕೊಡಲು ಹೇಳಿತು. ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕಾರ್ಖಾನೆಗಳು ಕನಿಷ್ಠ 40 ವರ್ಷ ಇಡಬೇಕು ಎಂದೂ ಆದೇಶಿಸಿತು. ಈ ಕಾಯಿಲೆ ಕಾಣಿಸಿಕೊಳ್ಳುವುದೇ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕೆಲಸಗಾರ ಕಾರ್ಖಾನೆ ಬಿಟ್ಟು ಊರು ಸೇರಿರುತ್ತಾನೆ.